ನ್ಯಾಯಾಧೀಶೆಯ ದುಭಾಷಿ

ನನ್ನ ಮಗಳು ಹದಿಮೂರನೆಯ ವಯಸ್ಸಿಗೆ ನ್ಯಾಯಾಧೀಶೆಯಾದಳು. ಅವಳ ಕೋರ್ಟು ಮುಂಬಯಿಯ ಬೈಕುಲ್ಲಾದಲ್ಲಿ, ತರಕಾರಿ ಮಾರ್ಕೆಟ್ಟಿನ ಹಿಂದಿದ್ದ ಒಂದು ಹಳೆಯ ಸಭಾಗೃಹದಲ್ಲಿ, ಪ್ರತಿ ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ನಡೆಯುತ್ತಿತ್ತು. ಆ ಕೋರ್ಟಿನಲ್ಲಿ ನಾನು ದುಭಾಷಿಯಾಗಿದ್ದೆ. ಕೊನೆಗೆ ಅದೇ ಕೋರ್ಟಿನಲ್ಲಿ ಅಪರಾಧಿಯೂ ಆದೆ.

ಮಗಳಿಗೆ ಡೌನ್ ಸಿಂಡ್ರೋಮ್. ಅವಳ ಮಾತು ನಿಧಾನ. ಒಂದು ವಾಕ್ಯ ಶುರುವಾಗಿ ಮುಗಿಯುವಷ್ಟರಲ್ಲಿ ದಾದರಿನಲ್ಲಿ ಒಂದು ಲೋಕಲ್ ರೈಲು ಬಂದು ಹೋಗಿರುತ್ತದೆ. ಕಾಯುವವರಿಗೆ ಎಲ್ಲ ಅರ್ಥವಾಗುತ್ತದೆ. ಆದರೆ ಈ ಊರಿನಲ್ಲಿ ಕಾಯುವವರು ಯಾರು? ಹಾಗಾಗಿ ಅವಳನ್ನು ಯಾರು ಏನು ಕೇಳಿದರೂ ಉತ್ತರ ನನ್ನ ಬಾಯಿಂದ ಬರುತ್ತಿತ್ತು. ಯಾವ ಕ್ಲಾಸು, ಯಾವ ಬಣ್ಣದ ಫ್ರಾಕು ಬೇಕು, ಹೊಟ್ಟೆನೋವು ಎಲ್ಲಿ, ಎಲ್ಲವನ್ನೂ ನಾನೇ ಹೇಳುತ್ತಿದ್ದೆ. ಒಮ್ಮೆ ಡಾಕ್ಟರು ಅವಳಿಗೆ "ನಾಲಿಗೆ ತೋರಿಸು" ಅಂದಾಗ ನಾನು ಬಾಯಿ ತೆರೆದಿದ್ದೆ. ನನ್ನ ಗಂಡ ಅದನ್ನು ಇವತ್ತಿಗೂ ನೆಂಟರ ಮುಂದೆ ಹೇಳಿ ನಗುತ್ತಾರೆ.

ನಾವು ಧಾರವಾಡದ ಕಡೆಯವರು. ಸಾಂತಾಕ್ರೂಜ್ ಪೂರ್ವದ ಒಂದು ಸೊಸೈಟಿಯಲ್ಲಿ ಇದ್ದೇವೆ. ಅತ್ತೆಯೂ ನಮ್ಮ ಜೊತೆಗೇ. ಮಗಳು ಸಣ್ಣವಳಿದ್ದಾಗ ಸ್ಪೀಚ್ ಥೆರಪಿಯವರು, "ಮಗುವಿಗೆ ಗೊಂದಲ ಆಗಬಾರದು, ಮನೆಯಲ್ಲಿ ಒಂದೇ ಭಾಷೆ ಕಲಿಸಿ" ಅಂದರು. ಅವರ ಮನಸ್ಸಿನಲ್ಲಿ ಇದ್ದದ್ದು ಹಿಂದಿ. ಅತ್ತೆ ತಲೆಯಾಡಿಸಿ ಬಂದು, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೈಗುಳ ಸಮೇತ ಧಾರವಾಡದ ಕನ್ನಡವನ್ನೇ ಕಲಿಸಿದರು. ನಾನು ಕೇಳಿದ್ದಕ್ಕೆ, "ಒಂದ ಭಾಷಾ ಕಲಸ್ರಿ ಅಂದ್ರಲ್ಲ? ಕಲಿಸೇನಿ. ಯಾವುದು ಅಂತ ಅವರು ಹೇಳಲಿಲ್ಲ" ಅಂದರು. ಹಿಂದಿಯನ್ನು ಮಗಳು ಟಿವಿಯಿಂದ, ಲಿಫ್ಟಿನಿಂದ ತಾನೇ ಕಲಿತಳು. ಅರ್ಥ ಪೂರ್ತಿ ಆಗುತ್ತದೆ. ಮಾತಾಡಬೇಕೆಂದರೆ ಮಾತ್ರ ಅಜ್ಜಿಯ ಕನ್ನಡವೇ ಬೇಕು.

ಶನಿವಾರದ ಆ ಕೋರ್ಟು ಅಸಲಿಗೆ ಮಕ್ಕಳ ಒಂದು ನಾಟಕದ ಗುಂಪು. ಅದರಲ್ಲಿ ಸುಮಾರು ಇಪ್ಪತ್ತು ಮಕ್ಕಳು. ಅರ್ಧದಷ್ಟು ಮಕ್ಕಳು ನನ್ನ ಮಗಳಂಥವರು, ಆಟಿಸಂ ಇದ್ದವರು, ಕಲಿಕೆ ತಡವಾದವರು. ಇನ್ನರ್ಧ, ಏನೂ ತೊಂದರೆ ಇಲ್ಲವೆಂದು ಅವರ ಅಪ್ಪ ಅಮ್ಮ ನಂಬಿದ್ದವರು. ನಡೆಸುತ್ತಿದ್ದಾಕೆ ಮೂವತ್ತರ ಆಸುಪಾಸಿನ ಮರಾಠಿ ಹುಡುಗಿ. ಮಕ್ಕಳೆಲ್ಲ ಅವಳನ್ನು "ತಾಯಿ" ಅನ್ನುತ್ತಿದ್ದರು. ಮರಾಠಿಯಲ್ಲಿ ಅದು ಅಕ್ಕ. ನಮ್ಮ ಅತ್ತೆಗೆ ಅದನ್ನು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. "ಇಷ್ಟ್ ಸಣ್ಣಾಕಿ ಇಪ್ಪತ್ತು ಮಕ್ಕಳಿಗೆ ತಾಯಿ ಹೆಂಗ ಆದ್ಲು?" ಎಂದು ಒಂದು ವಾರ ಕೇಳಿದರು.

ಮೊದಲ ದಿನ ಎಲ್ಲರನ್ನೂ ಸುತ್ತ ಕೂರಿಸಿ, ತಾಯಿ ಒಬ್ಬೊಬ್ಬರಿಗೂ ಬೆಳಿಗ್ಗೆ ಏನು ತಿಂದೆ ಎಂದು ಕೇಳಿದಳು. ನನ್ನ ಮಗಳ ಸರದಿ ಬಂತು.

"ಉಪ್ಪಿಟ್ಟು" ಅಂದೆ, ನಾನು.

ತಾಯಿ ನನ್ನ ಕಡೆ ನೋಡಿದಳು. "ನಾನು ಅವಳನ್ನು ಕೇಳಿದೆ." ಮತ್ತೆ ಮಗಳತ್ತ ತಿರುಗಿ ಕೇಳಿದಳು. ಮಗಳು ಮೇಲೆ ನೋಡಿದಳು, ಬೆರಳು ನೋಡಿಕೊಂಡಳು. ನನಗೆ ತಡೆಯಲಾಗಲಿಲ್ಲ. "ಉಪ್ಪಿಟ್ಟು, ಮೇಲೆ ಸ್ವಲ್ಪ ಮೊಸರು" ಅಂದುಬಿಟ್ಟೆ.

ತಾಯಿ ಎದ್ದು ಹೋಗಿ ತನ್ನ ಚೀಲದಿಂದ ಒಂದು ಡಬ್ಬಿ ತಂದಳು. ಅದರಲ್ಲಿ ಕಲ್ಲುಸಕ್ಕರೆ. ಒಂದು ದೊಡ್ಡ ತುಂಡು ನನ್ನ ಕೈಗಿಟ್ಟು, "ಬಾಯಲ್ಲಿಟ್ಟುಕೊಳ್ಳಿ. ಕಡಿಯಬಾರದು. ಅದು ಕರಗುವವರೆಗೆ ಮಾತಿಲ್ಲ" ಅಂದಳು. ಹಾಗೇ ಎಲ್ಲರಿಗೂ ಒಂದು ನಿಯಮ ಹೇಳಿದಳು: ಯಾರನ್ನು ಏನು ಕೇಳಿದರೂ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಅಲ್ಲಿಯವರೆಗೆ ಯಾರೂ ಬಾಯಿ ಬಿಡಕೂಡದು.

ಎಣಿಸಿದೆವು. ಒಂಬತ್ತಕ್ಕೆ ನನ್ನ ಮಗಳು, "ಬಿಸ್ಕೀಟ್" ಅಂದಳು.

ಅದೇ ನಿಜವಾಗಿತ್ತು. ಮನೆಗೆ ಹೋಗಿ ನೋಡಿದರೆ ಉಪ್ಪಿಟ್ಟು ಪೂರ್ತಿ ಕಿಟಕಿಯ ಆಚೆ, ಪಾರಿವಾಳಗಳ ಪಾಲಾಗಿತ್ತು. ಆ ದಿನ ನಾನು ಐದು ತುಂಡು ಕಲ್ಲುಸಕ್ಕರೆ ತಿಂದೆ.

ನಾಟಕವನ್ನು ಮಕ್ಕಳೇ ಕಟ್ಟಿದರು. ಇರುವೆಯ ಮದುವೆಗೆಂದು ಮಾಡಿಟ್ಟ ಲಾಡು ಕಾಣೆಯಾಗಿವೆ. ಕಾಗೆಯ ಮೇಲೂ ಬೆಕ್ಕಿನ ಮೇಲೂ ಅನುಮಾನ. ವಿಚಾರಣೆ ನಡೆದು ಕಾಗೆ ಕಳ್ಳನೆಂದು ತೀರ್ಮಾನವಾಗಿ, ಅದಕ್ಕೆ ಮದುವೆಯಲ್ಲಿ ಹಾಡುವ ಶಿಕ್ಷೆ. ಇಷ್ಟೇ ಕತೆ. ಕಾಗೆ ಧಾರಾವಿಯ ಹತ್ತು ವರ್ಷದ ಹುಡುಗ. ಅಪ್ಪನದು ಚರ್ಮದ ಬ್ಯಾಗು ಹೊಲಿಯುವ ಕಾರ್ಖಾನೆ. ಕಾಗೆಯ ಕೊಕ್ಕನ್ನು ಅವರೇ ಅಸಲಿ ಚರ್ಮದಲ್ಲಿ ಹೊಲಿದು ಕೊಟ್ಟಿದ್ದರು. ಹುಡುಗನಿಗೆ ಮಾತು ನಿಲ್ಲುತ್ತಲೇ ಇರಲಿಲ್ಲ. ಬೆಕ್ಕು ಹದಿನಾಲ್ಕರ ಹುಡುಗಿ, ಆಟಿಸಂ ಇದ್ದವಳು. ಗದ್ದಲ ತಡೆಯಲಾಗುವುದಿಲ್ಲವೆಂದು ದೊಡ್ಡ ಹೆಡ್‌ಫೋನ್ ಹಾಕಿಕೊಂಡೇ ಇರುತ್ತಿದ್ದಳು. ಬೆಕ್ಕಿನ ಕಿವಿಗಳನ್ನು ಅದರ ಮೇಲೇ ಅಂಟಿಸಿದ್ದರು. ಅವಳ ಮಾತು "ಮ್ಯಾಂವ್" ಒಂದೇ, ಅದೂ ಅವಳಿಗೆ ಅನ್ನಬೇಕೆನಿಸಿದಾಗ.

ನ್ಯಾಯಾಧೀಶರು ಯಾರಾಗುತ್ತೀರಿ ಎಂದು ತಾಯಿ ಕೇಳಿದಾಗ ನನ್ನ ಮಗಳು ಕೈ ಎತ್ತಲಿಲ್ಲ. ಎದ್ದು ಹೋಗಿ ಕುರ್ಚಿಯಲ್ಲಿ ಕೂತಳು. ಕಾಗೆ ಮತ್ತು ಇರುವೆಗಳು ಗಲಾಟೆ ಮಾಡುತ್ತಿದ್ದವು. ಅವಳು ಮರದ ಸುತ್ತಿಗೆ ಎತ್ತಿ ಮೇಜಿಗೆ ಬಡಿದು, ಅಜ್ಜಿಯ ದನಿಯಲ್ಲಿ ಗದರಿದಳು:

"ಏ, ಬಾಯಿ ಮುಚ್ಚ್ರಲೇ ಮಂಗ್ಯಾಗೋಳ! ತಲಿ ತಿನ್ನಾಕತ್ತಾವ ಮುಂಜಾನಿಂದ!"

ಭಾಷೆ ಬಾರದಿದ್ದರೂ ಎಲ್ಲರೂ ಗಪ್‌ಚಿಪ್ ಆದರು. ಬಾಗಿಲ ಬಳಿಯಿಂದ ಒಂದು ನಗು ಮಾತ್ರ ಕೇಳಿಸಿತು. ಪಕ್ಕದ ಉಡುಪಿ ಹೋಟೆಲಿನ ಮಾಲೀಕರು ಮಕ್ಕಳಿಗೆ ಇಡ್ಲಿ ತಂದು ನಿಂತಿದ್ದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಸ್ಟೀಲ್ ಡಬ್ಬಿ.

"ಏನಂದಳು?" ಎಂದು ತಾಯಿ ನನ್ನನ್ನು ಕೇಳಿದಳು.

"ದಯವಿಟ್ಟು ಶಾಂತವಾಗಿರಿ ಅಂದಳು."

"ಅಷ್ಟು ಉದ್ದದ ಮಾತಿಗೆ ಇಷ್ಟೇ ಅರ್ಥವೇ?"

"ಹಂಗಂದಿಲ್ಲ ನಾ" ಎಂದು ಮಗಳು ಕುರ್ಚಿಯಿಂದಲೇ ಹೇಳಿದಳು.

ತಾಯಿಗೆ ಅಲ್ಲೇ ಒಂದು ಉಪಾಯ ಹೊಳೆಯಿತು. ನ್ಯಾಯಾಧೀಶೆ ತನ್ನ ಭಾಷೆಯಲ್ಲೇ ಮಾತಾಡಲಿ. ಅಮ್ಮ ಪಕ್ಕದಲ್ಲಿ ಕರಿ ಕೋಟು ಹಾಕಿ ನಿಂತು ಹಿಂದಿಗೆ ತರ್ಜುಮೆ ಮಾಡಲಿ. "ಆದರೆ ಒಂದು ಷರತ್ತು," ಅಂದಳು, "ಅವಳು ಹೇಳಿದ್ದು ಮಾತ್ರ. ಅವಳು ಹೇಳಬೇಕಿತ್ತು ಎಂದು ನಿಮಗನಿಸಿದ್ದಲ್ಲ."

ನನಗೆ ಖುಷಿಯೇ ಆಯಿತು. ಇಷ್ಟು ವರ್ಷ ಪುಕ್ಕಟೆ ಮಾಡಿದ ಕೆಲಸಕ್ಕೆ ಈಗ ಒಂದು ಕೋಟು ಸಿಕ್ಕಿತ್ತು.

ಆದರೆ ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಮಗಳು ಅಜ್ಜಿಯ ಶಬ್ದಭಂಡಾರವನ್ನೆಲ್ಲ ಕೋರ್ಟಿಗೆ ತಂದಿದ್ದಳು. ಕಾಗೆಗೆ "ಎಮ್ಮಿ ಮಾರಿಯವನೇ" ಅಂದರೆ ನಾನು "ಗೌರವಾನ್ವಿತ ಆರೋಪಿಯೇ" ಅನ್ನುತ್ತಿದ್ದೆ. "ಸುಳ್ಳ ಹೇಳಿದ್ರ ಕೆಪ್ಪಾಳಕ್ಕ ಬಾರಸ್ತೀನಿ" ಅಂದರೆ "ಸತ್ಯ ಹೇಳಬೇಕೆಂದು ನ್ಯಾಯಾಲಯ ಕೋರುತ್ತದೆ" ಅನ್ನುತ್ತಿದ್ದೆ. ಮುಂದೆ ಇತರ ಅಪ್ಪ ಅಮ್ಮಂದಿರು ಕೂತಿರುತ್ತಿದ್ದರು. ಇಂಥ ಮಕ್ಕಳಿಗೆ ಮನೆಯಲ್ಲಿ ಸಂಸ್ಕಾರ ಕಲಿಸಿಲ್ಲ ಎಂದು ಯಾರಾದರೂ ಅಂದುಕೊಂಡರೆ? ಮಗಳು ಪ್ರತಿ ಸಲ "ಹಂಗಂದಿಲ್ಲ" ಅನ್ನುತ್ತಿದ್ದಳು. ನಾನು ಅದನ್ನು ತರ್ಜುಮೆ ಮಾಡುತ್ತಿರಲಿಲ್ಲ. ಬಾಗಿಲಲ್ಲಿ ಹೋಟೆಲಿನವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ದಿನ ಡಬ್ಬಿ ಕೊಡುವಾಗ ಮೆಲ್ಲಗೆ, "ಅಮ್ಮಾ, ನಿಮ್ಮ ಮಗಳು ಹೇಳುದಕ್ಕೂ ನೀವು ಹೇಳುದಕ್ಕೂ ಎಂತದೂ ಸಂಬಂಧ ಇಲ್ಲ ಮಾರಾಯ್ರೇ" ಅಂದರು. "ನೀವು ಇಡ್ಲಿ ಕೊಡ್ರಿ" ಅಂದೆ.

ಪ್ರದರ್ಶನ ಒಂದು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಸಭಾಗೃಹ ತುಂಬಿತ್ತು. ಅತ್ತೆ ಇಳಕಲ್ ಸೀರೆ ಉಟ್ಟು ಎರಡನೆಯ ಸಾಲಿನಲ್ಲಿ, ಪಕ್ಕದಲ್ಲಿ ನನ್ನ ಗಂಡ. ಮುಂದೆ ಒಂದು ಸೋಫಾ, ಮುಖ್ಯ ಅತಿಥಿಗಳಿಗಾಗಿ. ಆ ಅತಿಥಿ ಸ್ಥಳೀಯ ಸಂಘವೊಂದರ ಅಧ್ಯಕ್ಷರು. ನಾಲ್ಕಕ್ಕೆ ಬರಬೇಕಾದವರು ನಾಲ್ಕೂಮುಕ್ಕಾಲಾದರೂ ಬರಲಿಲ್ಲ. ಒಳಗೆ ಇರುವೆಗಳು ಬೆವರಿ ಮೀಸೆ ಅಳಿಸಿಕೊಂಡವು. ಬೆಕ್ಕು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿತು. ಕಾಗೆ ನಾಟಕವನ್ನು ಒಬ್ಬನೇ ಎರಡು ಸಲ ಆಡಿ ಮುಗಿಸಿದ. ಇದರ ನಡುವೆ ನನ್ನ ಮಗಳು ಎಲ್ಲಿದ್ದಳೋ, ಏನು ಮಾಡುತ್ತಿದ್ದಳೋ, ನನಗೆ ಗಮನವಿರಲಿಲ್ಲ. ನಾನು ಕೋಟಿನ ಗುಂಡಿ ಹೊಲಿದುಕೊಳ್ಳುತ್ತಿದ್ದೆ.

ಅಂತೂ ಅತಿಥಿಗಳು ಬಂದರು. ಪರದೆ ಸರಿಯಿತು. ನ್ಯಾಯಾಧೀಶೆ ಬಿಳಿ ಹತ್ತಿಯ ವಿಗ್ ಹಾಕಿಕೊಂಡು, ಯಾರ ಕಡೆಯೂ ನೋಡದೆ, ಮೆಲ್ಲಗೆ ನಡೆದು ಬಂದು ಕುರ್ಚಿಯಲ್ಲಿ ಕೂತಳು. ಅವಳ ನಡಿಗೆಗೇ ಚಪ್ಪಾಳೆ ಬಿತ್ತು. ಮೊದಲ ಹತ್ತು ನಿಮಿಷ ಎಲ್ಲವೂ ಸುಸೂತ್ರ. ಆಮೇಲೆ ಮಗಳ ಕಣ್ಣು ಸೋಫಾದ ಮೇಲೆ ಬಿತ್ತು. ಅತಿಥಿಗಳು ತಲೆ ತಗ್ಗಿಸಿ ಮೊಬೈಲಿನಲ್ಲಿ ಮುಳುಗಿದ್ದರು. ಮುಖದ ಮೇಲೆ ಅದರ ನೀಲಿ ಬೆಳಕು.

ಸುತ್ತಿಗೆ ಬಡಿಯಿತು. ಕಾಗೆಯ ಮಾತು ನಿಂತಿತು.

"ಏ ಸೋಫಾದಾಗ ಕುಂತಾವ! ತಡಾ ಮಾಡಿ ಬಂದಿ. ಈಗ ಮೊಬೈಲ್ ನೋಡಾಕತ್ತಿ. ಬಂದ್ ಮಾಡದನ್ನ. ಎದ್ದ್ ನಿಂದ್ರು!"

ಇದು ನಾಟಕದಲ್ಲಿ ಇರಲಿಲ್ಲ. ನಾನು ಕೈಮುಗಿದು, ಶುದ್ಧ ಹಿಂದಿಯಲ್ಲಿ, "ಬಿಡುವಿಲ್ಲದ ಕೆಲಸಗಳ ನಡುವೆಯೂ ಆಗಮಿಸಿದ ಮಾನ್ಯ ಅತಿಥಿಗಳಿಗೆ ನ್ಯಾಯಾಲಯ ಹೃತ್ಪೂರ್ವಕ ಸ್ವಾಗತ ಕೋರುತ್ತದೆ" ಅಂದೆ.

ಸಭಾಗೃಹದ ಹಿಂಬದಿಯಿಂದ ನಗು ಸಿಡಿಯಿತು. ಹೋಟೆಲಿನವರು ಒಬ್ಬರೇ ಬಂದಿರಲಿಲ್ಲ. ತಮ್ಮ ನಾಲ್ಕು ಜನ ಸಪ್ಲೈಯರುಗಳನ್ನೂ ಕರೆತಂದಿದ್ದರು. ಐವರೂ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಎರಡನೆಯ ಸಾಲಿನಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಸ್ವಾಗತದಲ್ಲಿ ನಗುವಂಥದ್ದೇನಿದೆ ಎಂದು ಜನ ತಿರುಗಿ ತಿರುಗಿ ನೋಡಿದರು.

ಮಗಳು ನನ್ನನ್ನೇ ದಿಟ್ಟಿಸಿದಳು. ಸುತ್ತಿಗೆ ಮತ್ತೆ ಬಡಿಯಿತು.

"ಮಮ್ಮಿ ಸುಳ್ಳ ಹೇಳ್ಯಾಳ" ಅಂದಳು. ಜನಕ್ಕೆ ಅರ್ಥವಾಗಲಿಲ್ಲವೆಂದು ಗೊತ್ತಾಗಿ, ಹುಡುಕಿ ಹುಡುಕಿ, ಹಿಂದಿಯಲ್ಲೂ ಹೇಳಿದಳು: "ಮಮ್ಮಿ... ಝೂಟ್... ಬೋಲಿ."

ಸಭೆ ಹೋ ಎಂದಿತು. ನಾನು ಮೆಲ್ಲಗೆ, "ಪುಟ್ಟೀ, ಹಂಗಲ್ಲವ್ವಾ..." ಅಂದೆ.

"ಕೋರ್ಟಿನ್ಯಾಗ ಸುಳ್ಳ ಹೇಳಬಾರದು. ಕೋಟ್ ತಗೀ. ಅಲ್ಲಿ ಕುಂದ್ರು, ಕಾಗಿ ಬಾಜೂಕ."

ಪರದೆಯ ಸಂದಿಯಿಂದ ತಾಯಿಯ ಕಡೆ ನೋಡಿದೆ. ಅವಳು ಕಾಪಾಡುತ್ತಾಳೆಂದು ಆಸೆಯಿತ್ತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ತಲೆಯಿಂದಲೇ ಬೆಂಚು ತೋರಿಸಿದಳು. ಕೋಟು ಬಿಚ್ಚಿದೆ. ಹೋಗಿ ಆರೋಪಿಗಳ ಬೆಂಚಿನಲ್ಲಿ ಕೂತೆ. ಕಾಗೆ ಸ್ವಲ್ಪ ಸರಿದು ಜಾಗ ಕೊಟ್ಟು, "ಪೆಹಲಾ ಬಾರ್ ಹೈ ಕ್ಯಾ, ಆಂಟಿ?" ಎಂದು, ಇದು ನನಗೆ ಮೊದಲ ಸಲವೇ ಎಂದು ಕೇಳಿದ.

ಮಗಳು ಸುತ್ತಿಗೆಯನ್ನು ಹಿಂದಿನ ಸಾಲಿನತ್ತ ಚಾಚಿದಳು. "ಇಡ್ಲಿ ಅಣ್ಣ. ನೀ ಬಾ."

"ನಾನಾ?" ಹೋಟೆಲಿನವರ ನಗು ಅಲ್ಲಿಗೆ ನಿಂತಿತು. "ಸಾಂಬಾರು ಒಲೆ ಮೇಲುಂಟು ಮಗಾ..."

"ಬಾ."

ಬಂದರು. ಕರಿ ಕೋಟು ಅವರ ಹೊಟ್ಟೆಗೆ ಸಾಲಲಿಲ್ಲ. ಟವೆಲಿನ ಮೇಲೆಯೇ ಹೊದ್ದುಕೊಂಡರು. ಮಗಳು ಸೋಫಾದವರಿಗೆ ಹೇಳಿದ್ದನ್ನು ಮೊದಲಿನಿಂದ ಮತ್ತೆ ಹೇಳಿದಳು. ಅವರು ಗಂಟಲು ಸರಿಮಾಡಿಕೊಂಡು, ಗಿರಾಕಿಗಳ ಜೊತೆ ಆಡುವ ಅದೇ ಮುಂಬಯಿ ಹಿಂದಿಯಲ್ಲಿ, ಒಂದಕ್ಷರ ಬಿಡದೆ ಒಪ್ಪಿಸಿದರು. "ಸೋಫಾವಾಲೇ ಸೇಟ್, ಲೇಟ್ ಆಯಾ, ಅಭೀ ಮೊಬೈಲ್ ದೇಖ್ತಾ. ಬಂದ್ ಕರೋ, ಖಡಾ ಹೋ ಜಾವ್. ಮೈ ನಹೀ ಬೋಲ್ತಾ, ಜಡ್ಜ್ ಬೋಲ್ತಾ."

ಅಧ್ಯಕ್ಷರು ತಲೆ ಎತ್ತಿದರು. ಸುತ್ತ ನೋಡಿದರು. ಮೊಬೈಲನ್ನು ಜೇಬಿಗೆ ಹಾಕಿ, ಎದ್ದು ನಿಂತು, ಎರಡೂ ಕಿವಿ ಹಿಡಿದುಕೊಂಡರು. "ಸಾರಿ, ಮೈ ಲಾರ್ಡ್."

ನ್ಯಾಯಾಧೀಶೆ ಅವರನ್ನು ಸಾಕಷ್ಟು ಹೊತ್ತು ನಿಲ್ಲಿಸಿದಳು. ಆಮೇಲೆ, "ಹೂಂ. ಕುಂದ್ರು" ಅಂದಳು.

ವಿಚಾರಣೆ ಮುಂದುವರಿಯಿತು. ಆದರೆ ಹೊಸ ದುಭಾಷಿಗೆ ಹೊಸ ತೊಂದರೆ. ಉಡುಪಿಯವರಿಗೆ ಧಾರವಾಡದ ಮಾತು ಅಷ್ಟಕ್ಕಷ್ಟೇ. ಮಗಳು ಕಾಗೆಗೆ, "ಲಗೂನ ಹೇಳು" ಅಂದಳು. ಬೇಗ ಹೇಳು ಎಂದರ್ಥ. ಅವರು ಹುಬ್ಬು ಗಂಟಿಕ್ಕಿ ಯೋಚಿಸಿ, "ಲಗ್ನದ ವಿಷಯ ಹೇಳಬೇಕಂತೆ" ಎಂದು ಹಿಂದಿಗೆ ತಿರುಗಿಸಿದರು. ಕಾಗೆ ಕೊಕ್ಕು ಬಿಟ್ಟು ನಿಂತ. "ಜಡ್ಜ್ ಸಾಹೇಬ್, ನನಗಿನ್ನೂ ಹತ್ತು ವರ್ಷ" ಅಂದ. "ಲಗೂನ, ಲಗೂನ!" ಎಂದು ಮಗಳು ಸುತ್ತಿಗೆ ಬಡಿದಳು. "ಕೂಡಲೇ ಆಗಬೇಕಂತೆ" ಅಂದರು ದುಭಾಷಿ.

ನಾನು ಬೆಂಚಿನಲ್ಲಿ ಒದ್ದಾಡುತ್ತಿದ್ದೆ. ಒಂದು ಶಬ್ದ ಹೇಳಿದರೆ ಸರಿಹೋಗುತ್ತಿತ್ತು. ಆದರೆ ಅಪರಾಧಿಗೆ ಮಾತಿಲ್ಲ. ಬಾಯಿ ಬಿಗಿದು ಕೂತೆ. ಕೂತು, ಬೇರೆ ಕೆಲಸವಿಲ್ಲದೆ, ಮಗಳನ್ನು ನೋಡಿದೆ. ಯಾವಾಗಲೂ ಅವಳ ಪಕ್ಕದಲ್ಲಿ ನಿಂತು, ಕೇಳುವವರ ಮುಖ ನೋಡುತ್ತಿದ್ದವಳು ನಾನು: ಅವರಿಗೆ ಅರ್ಥವಾಯಿತೇ, ಬೇಸರವಾಯಿತೇ, ಕನಿಕರ ಬಂತೇ ಎಂದು. ಅವಳು ಮಾತಾಡುವಾಗ ಅವಳ ಮುಖವನ್ನು ನೇರ ಎದುರಿನಿಂದ ನೋಡಿದ್ದೇ ಕಡಿಮೆ. ಮಾತು ಹುಡುಕುವಾಗ ಅವಳ ಕಣ್ಣು ಎಡಕ್ಕೆ ಸರಿಯುತ್ತದೆ, ಸಿಕ್ಕಿದಾಗ ಗಲ್ಲ ಮೇಲೇಳುತ್ತದೆ. ಹದಿಮೂರು ವರ್ಷ ನನಗೆ ಇದು ಗೊತ್ತಿರಲಿಲ್ಲ.

ತೀರ್ಪಿನ ಹೊತ್ತು ಬಂತು. ಕಾಗೆ ಕಳ್ಳ ಅನ್ನಬೇಕು, ಅಷ್ಟೇ. ಅವಳು ಅನ್ನಲಿಲ್ಲ. ಹೋಟೆಲಿನವರು ಅವಳ ಬದಲಿಗೆ ತಾವೇ ಹೇಳಲು ಬಾಯಿ ತೆರೆದರು. ಪರದೆಯ ಸಂದಿಯಿಂದ ತಾಯಿ ಕೈ ಅಡ್ಡ ಮಾಡಿ ತಡೆದಳು. ಇಡೀ ಸಭೆ ಕಾದಿತು. ಅವಳ ಕಣ್ಣು ಎಡಕ್ಕೆ ಸರಿಯಿತು. ಗಲ್ಲ ಮೇಲೆದ್ದಿತು.

"ಕಾಗಿ ತಿಂದಿಲ್ಲ. ಬೆಕ್ಕು ತಿಂದಿಲ್ಲ. ಲಾಡು... ನಾ ತಿಂದೇನಿ."

ದುಭಾಷಿ ತರ್ಜುಮೆ ಮಾಡುವುದನ್ನೇ ಮರೆತರು. "ಎಂತ?" ಅಂದರು.

"ಹಸಿವಾಗಿತ್ತು. ಅಂವಾ ತಡಾ ಮಾಡಿ ಬಂದ." ಸುತ್ತಿಗೆ ಸೋಫಾ ತೋರಿಸಿತು.

ತಾಯಿ ಓಡಿ ಹೋಗಿ ಪಕ್ಕದಲ್ಲಿಟ್ಟಿದ್ದ ಬುಟ್ಟಿಯ ಬಟ್ಟೆ ತೆಗೆದು ನೋಡಿದಳು. ಕೊನೆಯ ದೃಶ್ಯಕ್ಕೆಂದು ಹೋಟೆಲಿನಿಂದ ತರಿಸಿಟ್ಟಿದ್ದ ಅಸಲಿ ಲಾಡುಗಳಲ್ಲಿ ಒಂದೂ ಇರಲಿಲ್ಲ. ಖಾಲಿ ಬುಟ್ಟಿಯನ್ನು ಎತ್ತಿ ಜನಕ್ಕೆ ತೋರಿಸಿದಳು. ಆಗ ಎದ್ದ ನಗುವಿಗೆ ಬೆಕ್ಕು ಹೆಡ್‌ಫೋನನ್ನು ಇನ್ನಷ್ಟು ಒತ್ತಿಕೊಂಡು, ನ್ಯಾಯಾಧೀಶೆಯ ಬಳಿ ಬಂದು ನಿಂತು, ಅಂದಿನ ತನ್ನ ಏಕೈಕ "ಮ್ಯಾಂವ್" ಹೇಳಿತು. ಆಮೇಲೆ ಗೊತ್ತಾಯಿತು, ಎರಡು ಲಾಡು ಅದೂ ತಿಂದಿತ್ತು.

"ಶಿಕ್ಷಾ ಏನು?" ಎಂದು ಎರಡನೆಯ ಸಾಲಿನಿಂದ ಅತ್ತೆ ಕೂಗಿ ಕೇಳಿದರು.

ನ್ಯಾಯಾಧೀಶೆ ಯೋಚಿಸಿದಳು. "ಇಡ್ಲಿ ಅಣ್ಣ ಹೋಗಿ ಎಲ್ಲಾರಿಗೂ ಲಾಡು ತರಬೇಕು."

"ತಪ್ಪು ಮಾಡಿದ್ದು ನೀನು, ಶಿಕ್ಷೆ ನನಗಾ?" ಅಂದರು ಅವರು. ಆದರೆ ಹೋದರು, ಕೋಟು ಹೊದ್ದುಕೊಂಡೇ. ಸಾಂಬಾರು ಆಗಲೇ ತಳ ಹಿಡಿದಿತ್ತಂತೆ.

ಮನೆಗೆ ಹೋಗುವಾಗ ಭಾನುವಾರವಾದ್ದರಿಂದ ಲೋಕಲಿನಲ್ಲಿ ಕೂರಲು ಜಾಗ ಸಿಕ್ಕಿತು. ಅತ್ತೆ ಕಿಟಕಿಯ ಪಕ್ಕ ತೂಕಡಿಸುತ್ತಿದ್ದರು. ಮಗಳು ವಿಗ್ ತೆಗೆಯಲು ಒಪ್ಪಿರಲಿಲ್ಲ. ನನ್ನನ್ನು ಒಂದು ವಿಷಯ ಕೊರೆಯುತ್ತಿತ್ತು. ನಾನು ಅವಳ ಮಾತನ್ನಷ್ಟೇ ತಿದ್ದಿದವಳಲ್ಲ. ಜನ ಅವಳ ಬಗ್ಗೆ ಆಡಿದ ಮಾತನ್ನೂ ತಿದ್ದಿ ಅವಳಿಗೆ ಹೇಳಿದವಳು. ಒಂದು ಮದುವೆಯಲ್ಲಿ ನೆಂಟರೊಬ್ಬರು ಅವಳೆದುರಿಗೇ "ಇಂಥಾಕಿನ್ನ ಯಾಕ ಕರ್ಕೊಂಡ್ ಬಂದ್ರಿ" ಅಂದಿದ್ದರು. "ನಿನ್ನ ಜರಿ ಲಂಗ ಚಲೋ ಐತಿ ಅಂತಾರ" ಎಂದು ನಾನು ಹೇಳಿದ್ದೆ.

"ಪುಟ್ಟೀ, ನಾ ಬ್ಯಾರೆ ಹೇಳಿದಾಗೆಲ್ಲಾ ನಿನಗ ಗೊತ್ತಾಗತಿತ್ತೇನು?"

"ಹೂಂ."

"ಯಾವಾಗ್ಲೂ?"

"ಯಾವಾಗ್ಲೂ."

"ಮತ್ತ ಯಾಕ ಸುಮ್ಮನಿದ್ದಿ?"

ನಾನು ಎಣಿಸಿದೆ. ಪರೇಲ್ ದಾಟಿತು. ಎಣಿಕೆ ಹತ್ತಲ್ಲ, ಮೂವತ್ತು ಮುಟ್ಟಿರಬೇಕು.

"ಕೋರ್ಟ್ ಇರಲಿಲ್ಲ" ಅಂದಳು.

ನಾನು ಮುಖ ಬೇರೆ ಕಡೆ ತಿರುಗಿಸಿದೆ. ಎದುರು ಕೂತಿದ್ದ ಹೆಂಗಸು ತನ್ನ ಚೀಲದಿಂದ ಒಂದು ಕಿತ್ತಳೆ ತೆಗೆದು, ನನಗಲ್ಲ, ನೇರ ವಿಗ್ಗಿನವಳಿಗೇ ಕೊಟ್ಟಳು.

ಆ ನಾಟಕ ಮತ್ತೆ ಮೂರು ಕಡೆ ಆಯಿತು. ಮೂರಕ್ಕೂ ಹೋಟೆಲಿನವರೇ ದುಭಾಷಿ. ನನ್ನ ಕೋಟನ್ನು ಬಿಚ್ಚಿ ಅವರ ಅಳತೆಗೆ ಹೊಲಿಸಿದರು. ನಾನು ಇರುವೆಗಳಿಗೆ ಮೀಸೆ ಬರೆದೆ.

ಈ ವರ್ಷ ಮಗಳು ನಾಟಕಕ್ಕೆ ಹೋಗುತ್ತಿಲ್ಲ. ಸಾಕಾಯ್ತು ಅಂದಳು. ಶನಿವಾರ ಅಪ್ಪನ ಜೊತೆ ಈಜಲು ಹೋಗುತ್ತಾಳೆ. ತಾಯಿ ಫೋನ್ ಮಾಡಿ, "ಹಾಗಾದರೆ ನೀವಾದರೂ ಬನ್ನಿ" ಅಂದಳು. ಹೋಗುತ್ತಿದ್ದೇನೆ. ಹೊಸ ನಾಟಕದಲ್ಲಿ ನನ್ನದು ಆಡಿನ ಪಾತ್ರ. ನನ್ನ ಜೊತೆಗಾರ್ತಿ ಎಂಟು ವರ್ಷದ ಒಬ್ಬ ಹುಡುಗಿ. ಗಾಲಿ ಕುರ್ಚಿಯಲ್ಲಿ ಕೂತು ನನ್ನನ್ನು ಹಗ್ಗ ಹಿಡಿದು ಮೇಯಿಸುತ್ತಾಳೆ, ಮನಸ್ಸು ಬಂದ ಕಡೆಗೆಲ್ಲ ಎಳೆಯುತ್ತಾಳೆ.

ಮೊದಲ ಪ್ರದರ್ಶನಕ್ಕೆ ಮಗಳು ಅಜ್ಜಿಯ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮುಗಿದ ಮೇಲೆ ಕೊಂಬು ಕೂಡ ಬಿಚ್ಚದೆ ಅವಳ ಬಳಿಗೆ ಹೋಗಿ, ಹೆಂಗಿತ್ತು ಎಂದು ಕೇಳಿ, ಕಾದು ನಿಂತೆ.

"ಹುಡುಗಿ ಚಲೋ ಮಾಡಿದ್ಲು" ಅಂದಳು. ಮತ್ತೆ ಬಹಳ ಹೊತ್ತು ಯೋಚಿಸಿ, "ಆಡು ಭಾಳ ಒದರತೈತಿ" ಅಂದಳು.